ಕೆಂಪು ಕಣ್ಣಿನ ಡ್ರೈವರ್

ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬೆಳಗಿನ ಖಾಸಗಿ ಬಸ್ಸಿಗೆ ಚಿಕ್ಕತಿಮ್ಮಪ್ಪ ಡ್ರೈವರ್. ಆ ದಾರಿಯಲ್ಲಿ ಅವನು ಒಂದು ಕೋಳಿಯನ್ನೂ ಗಾಲಿಗೆ ಕೊಟ್ಟವನಲ್ಲ. ಆದರೂ ೧೯೯೬ರ ಬೇಸಿಗೆಯ ಹೊತ್ತಿಗೆ ಬಸ್ಸಿನ ಅರ್ಧ ಜನ ಅವನನ್ನು ಕುಡುಕನೆಂದು ನಂಬಿದ್ದರು.

ಅವನು ಕುಡಿಯುತ್ತಿರಲಿಲ್ಲ. ಅವನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಗೊಲ್ಲಪ್ಪ ಒಳ್ಳೆಯ ಕೈಯ ಡ್ರೈವರ್, ಆದರೆ ಕುಡಿದೇ ಗಾಡಿ ಹತ್ತುತ್ತಿದ್ದ. ಒಂದು ಸಂಜೆ ಅವನು ಭರಮಸಾಗರದ ಕೆರೆ ಏರಿಯ ಮೇಲಿಂದ ಲಾರಿಯನ್ನು ಕೆಳಕ್ಕೆ ಇಳಿಸಿದಾಗ ಪಕ್ಕದ ಸೀಟಿನಲ್ಲಿ ಕೂತಿದ್ದವನು ಚಿಕ್ಕತಿಮ್ಮಪ್ಪ. ಗೊಲ್ಲಪ್ಪ ಒಂದು ಕಾಲು ಕಳೆದುಕೊಂಡು ಉಳಿದ. ಚಿಕ್ಕತಿಮ್ಮಪ್ಪನಿಗೆ ಒಂದು ಗೀರೂ ಆಗಲಿಲ್ಲ, ಆದರೆ ಅಂದಿನಿಂದ ಅವನು ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದ. “ನಮ್ಮನೆಯೋರು ಮದುವೆ ಮನೇಲಿ ಪಾನಕದ ಮೇಲೂ ಅನುಮಾನ ಪಡ್ತಾರೆ” ಎಂದು ಹೆಂಡತಿ ನಿಂಗಕ್ಕ ನಗುತ್ತಿದ್ದಳು.

ತೊಂದರೆ ಬಂದದ್ದು ಕಣ್ಣಿನಿಂದ. ಮೊದಲು ಮರಳು ಬಿದ್ದ ಹಾಗೆ ಕಿರಕಿರಿ, ಆಮೇಲೆ ಉರಿ, ಆಮೇಲೆ ಕೆಂಪು. ಎದುರುಗಾಳಿಗೆ ಧಾರಾಕಾರ ನೀರು. ಆ ಬಸ್ಸಿನಲ್ಲಿ ಎಂಜಿನ್ನು ಡ್ರೈವರ್ ಪಕ್ಕದಲ್ಲೇ ಇತ್ತು. ಎಡಗಡೆಯಿಂದ ಅದರ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಬಲಗಡೆಯ ಕಿಟಕಿಗೆ ಗಾಜೇ ಇರಲಿಲ್ಲ. ಮುಂದೆ ಈ ಸೀಮೆಯ ಗುಡ್ಡಗಳ ನೆತ್ತಿಯ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿದರಲ್ಲ, ಆ ಗಾಳಿಯೇ ಅದು. ಯಂತ್ರಗಳು ಬರುವ ಮೊದಲು ಅದು ಚಿಕ್ಕತಿಮ್ಮಪ್ಪನ ಕಣ್ಣಿಗೆ ಬೀಸುತ್ತಿತ್ತು.

ಮುಂಬಾಗಿಲ ಪಕ್ಕದ ಸೀಟು ಹೂವಿನ ಕಾಳಕ್ಕನದು. ಹೊಳಲ್ಕೆರೆಯಲ್ಲಿ ಬುಟ್ಟಿ ಹತ್ತಿಸಿಕೊಂಡು ಚಿತ್ರದುರ್ಗಕ್ಕೆ ಮಾರಲು ಹೋಗುವವಳು. ಡ್ರೈವರ್ ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಅವನ ಕಣ್ಣು ಅವಳಿಗೆ ದಾರಿಯುದ್ದಕ್ಕೂ ಕಾಣುತ್ತಿತ್ತು.

“ಲೇ ಜಂಪಣ್ಣ,” ಎಂದಳು ಒಂದು ದಿನ, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರಿಗೆ. “ನಿಮ್ಮ ಡ್ರೈವರ್ ಕಣ್ಣು ನೋಡಿದ್ಯಾ? ಎರಡು ಕನಕಾಂಬರ ಇಟ್ಟಂಗವೆ. ರಾತ್ರೀದು ಇನ್ನೂ ಇಳಿದಿಲ್ಲ ಕಾಣ್ತೈತೆ.”

“ಸುಮ್ಕಿರಕ್ಕ. ಅಣ್ಣ ಅದನ್ನ ಮುಟ್ಟಲ್ಲ.”

“ಮುಟ್ಟದೋರ ಕಣ್ಣು ಹಂಗಿರ್ತವೇನೋ? ನಮ್ಮನೆಯೋನ ಕಣ್ಣು ಮದುವೆಯಾದಾಗಿಂದ ನೋಡ್ತಾ ಬಂದೀನಿ. ನನಗೇ ಪಾಠ ಹೇಳ್ತೀಯಾ?”

ಚಿಕ್ಕತಿಮ್ಮಪ್ಪನಿಗೆ ಎಲ್ಲ ಕೇಳಿಸಿತು. ಅಂದು ಮಧ್ಯಾಹ್ನವೇ ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಕಣ್ಣಿಗೆ ಬಿಡುವ ಒಂದು ಸಣ್ಣ ಶೀಶೆ ಕೊಟ್ಟು, “ಹಾಕ್ಕಳ್ರಿ, ಎರಡು ನಿಮಿಷಕ್ಕೆ ಬೆಳ್ಳಗಾಗ್ತವೆ” ಎಂದ. ನಿಜವಾಗಿಯೂ ಬೆಳ್ಳಗಾದವು. ಕಾಳಕ್ಕನೂ ಕೆಲವು ದಿನ ಸುಮ್ಮನಿದ್ದಳು.

ಆದರೆ ಆ ಬಿಳಿ ಬರಬರುತ್ತಾ ಬೇಗ ಬೇಗ ಹೋಗತೊಡಗಿತು. ಮೊದಲು ಚಿತ್ರದುರ್ಗದವರೆಗೆ ಇರುತ್ತಿದ್ದದ್ದು ಹೊಳಲ್ಕೆರೆಗೇ ಮುಗಿಯುತ್ತಿತ್ತು. ಹೋದ ಮೇಲೆ ಬರುವ ಕೆಂಪು ಮೊದಲಿನದಕ್ಕಿಂತ ಜಾಸ್ತಿ. ಹಾಗಾಗಿ ಅವನು ನಿಂತ ನಿಂತ ಸ್ಟಾಪಿನಲ್ಲೆಲ್ಲ ಇಳಿದು, ಯಾರಿಗೂ ಕಾಣದಂತೆ ಬಸ್ಸಿನ ಹಿಂದೆ ಹೋಗಿ, ಕತ್ತು ಹಿಂದಕ್ಕೆ ಚೆಲ್ಲಿ ಹನಿ ಬಿಟ್ಟುಕೊಳ್ಳುತ್ತಿದ್ದ. ದೂರದಿಂದ ನೋಡಿದವರಿಗೆ ಕಂಡದ್ದು ಇಷ್ಟು: ಡ್ರೈವರು ಬಸ್ಸಿನ ಮರೆಗೆ ಹೋದ, ಅಂಗಿ ಜೇಬಿನಿಂದ ಸಣ್ಣ ಶೀಶೆ ತೆಗೆದ, ಕತ್ತೆತ್ತಿದ, ಮುಖ ಒರೆಸಿಕೊಂಡು ಬಂದು ಗಾಡಿ ಹತ್ತಿದ.

ಇಷ್ಟು ಸಾಕಾಗಿತ್ತು. ಬಸ್ಸಿನ ಮಾಲೀಕ ಶಿವಕುಮಾರಪ್ಪನಿಗೆ ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿ ಇತ್ತು. ಅವನು ಚಿಕ್ಕತಿಮ್ಮಪ್ಪನನ್ನು ಮಂಡಿಗೇ ಕರೆಸಿದ.

“ಏನಪ್ಪ, ಸ್ಟಾಪ್ ಸ್ಟಾಪಿಗೂ ಒಂದೊಂದು ಗುಟುಕಂತೆ?”

“ನಾನು ಕುಡಿಯಲ್ಲ, ಸಾವ್ಕಾರ್ರೆ. ನಿಮಗೂ ಗೊತ್ತೈತೆ.”

“ನನಗೆ ಗೊತ್ತಿದ್ರೆ ಏನ್ ಬಂತು? ಪ್ಯಾಸೆಂಜರ್‌ಗೆ ಗೊತ್ತಿರಬೇಕು. ಇನ್ನೊಂದು ಕಂಪ್ಲೇಂಟ್ ಬಂದ್ರೆ ಬಸ್ಸಿಂದ ಇಳಿದುಬಿಡು.”

ಶೀಶೆಯನ್ನು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತೋರಿಸಲಿಲ್ಲ. ಕಣ್ಣೇ ಸರಿಯಿಲ್ಲದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಭಯ.

ಆ ಭಯವನ್ನು ಮುರಿದದ್ದು ಒಂದು ತಿರುವು. ಹೊಳಲ್ಕೆರೆ ದಾಟಿದ ಮೇಲೆ ಒಂದು ಬೆಳಿಗ್ಗೆ ಎದುರಿನ ರಸ್ತೆ ಕಲಸಿಹೋಯಿತು. ಎತ್ತಿನ ಗಾಡಿ ಒಂದೋ ಎರಡೋ ತಿಳಿಯಲಿಲ್ಲ. ಬ್ರೇಕ್ ಹಾಕಿ, ಬಸ್ಸು ಪಕ್ಕಕ್ಕೆ ನಿಲ್ಲಿಸಿ, ಕಣ್ಣು ಮಿಟುಕಿಸಿದ. ರಸ್ತೆ ಮತ್ತೆ ಸ್ವಚ್ಛವಾಯಿತು. ಗಾಡಿ ಒಂದೇ. ಕುಡಿಯದೆಯೂ ತಾನು ಗೊಲ್ಲಪ್ಪನಾಗಬಹುದು ಎಂದು ಅವನಿಗೆ ಹೊಳೆದದ್ದು ಅಲ್ಲೇ. ಮಧ್ಯಾಹ್ನ ಚಿತ್ರದುರ್ಗದಲ್ಲಿ ಬಸ್ಸು ನಿಲ್ಲುವ ಹೊತ್ತಿನಲ್ಲಿ ಸೀದಾ ಕಣ್ಣಿನ ಡಾಕ್ಟರ್ ಅನುಸೂಯ ಅವರ ದವಾಖಾನೆಗೆ ನಡೆದ.

ಡಾಕ್ಟರು ಕೆಳರೆಪ್ಪೆಯೊಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಅದು ಎಷ್ಟು ಒದ್ದೆಯಾಯಿತೆಂದು ನೋಡಿದರು. ಆಮೇಲೆ ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕು ಹಾಯಿಸಿ, ಮಿಟುಕಿಸಬೇಡಿ ಎಂದರು. ಕೊನೆಗೆ ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿದರು.

“ನಿಮಗಿರೋದು ಕಣ್ಣು ಒಣಗೋ ರೋಗ” ಎಂದರು.

“ಒಣಗೋದಾ? ಮೇಡಂ, ಬಳಬಳ ನೀರು ಸುರೀತವೆ!”

“ಒಣಗಿ ಉರಿಯುತ್ತಲ್ಲ, ಅದಕ್ಕೇ ಕಣ್ಣು ಗಾಬರಿಯಾಗಿ ನೀರು ಸುರಿಸುತ್ತೆ. ನಿಮಗೆ ನೀರಿಗೆ ಕೊರತೆ ಇಲ್ಲ, ಕಾಗದ ಚೆನ್ನಾಗೇ ಒದ್ದೆಯಾಗಿದೆ. ಆದರೆ ನೀರು ನಿಲ್ತಾ ಇಲ್ಲ. ಕಣ್ಣಿನ ನೀರಿನ ಮೇಲೆ ತೆಳ್ಳಗೆ ಎಣ್ಣೆಯ ಪದರ ಇರಬೇಕು, ಇಲ್ಲದಿದ್ರೆ ಗಾಳಿಗೆ ಆರಿಹೋಗುತ್ತೆ. ಆ ಎಣ್ಣೆ ಬರೋ ಬಾಯಿಗಳು ರೆಪ್ಪೆ ಅಂಚಲ್ಲಿ ಸಾಲಾಗಿವೆ. ನಿಮ್ಮವು ಗಟ್ಟಿಯಾಗಿ ಮುಚ್ಚಿಹೋಗಿವೆ. ಒತ್ತಿದ್ರೆ ಎಣ್ಣೆ ಬರಲ್ಲ, ಪೇಸ್ಟ್ ಬರುತ್ತೆ.”

ಚಿಕ್ಕತಿಮ್ಮಪ್ಪ ಸ್ವಲ್ಪ ಯೋಚಿಸಿದ. “ಅಂದ್ರೆ ಗಾಡಿಗೆ ಗ್ರೀಸ್ ತುಂಬೋ ನಿಪ್ಪಲ್ಲು ಕಟ್ಕಂಡವೆ ಅನ್ರಿ.”

ಡಾಕ್ಟರು ನಕ್ಕರು. “ಹಾಗೇ ಅಂದ್ಕೊಳ್ಳಿ. ಗಟ್ಟಿಯಾದ ಗ್ರೀಸಿಗೆ ಏನು ಮಾಡ್ತೀರಿ?”

“ಬಿಸಿ ತೋರಿಸ್ತೀವಿ.”

“ಅದೇ. ಸ್ವಚ್ಛವಾದ ಬಟ್ಟೆ ಬಿಸಿನೀರಲ್ಲಿ ಅದ್ದಿ ಹಿಂಡಿ, ಕೈ ತಾಳುವಷ್ಟು ಬಿಸಿ ಇರಲಿ, ಮುಚ್ಚಿದ ಕಣ್ಣ ಮೇಲೆ ಇಡಿ. ಆರಿದ ಹಾಗೆ ಮತ್ತೆ ಅದ್ದಿ. ಆಮೇಲೆ ರೆಪ್ಪೆ ಅಂಚು ಮೆತ್ತಗೆ ಒರೆಸಿ. ದಿನಾ ಮಾಡ್ಬೇಕು. ಇನ್ನೊಂದು, ರಸ್ತೆ ನೋಡ್ತಾ ನೋಡ್ತಾ ನೀವು ಮಿಟುಕಿಸೋದೇ ಮರೀತೀರಿ. ನೆನಪು ಮಾಡ್ಕೊಂಡು ಪೂರ್ತಿ ಮಿಟುಕಿಸಿ. ಗಾಳಿ ತಡೆಯೋ ಬಿಳಿ ಕನ್ನಡಕ ಹಾಕಿ. ಕಣ್ಣು ತೇವ ಇಡೋ ಹನಿ ಬರೆದುಕೊಡ್ತೀನಿ.”

ಚಿಕ್ಕತಿಮ್ಮಪ್ಪ ಜೇಬಿನ ಶೀಶೆ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಓದಿ, ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಇದು ಇವತ್ತೇ ಬಂದ್. ಇದು ರಕ್ತನಾಳಗಳನ್ನ ಸಂಕುಚಿತ ಮಾಡುತ್ತೆ, ಬಿಳಿ ಕಾಣುತ್ತೆ, ಅಷ್ಟೇ. ರೋಗ ಅಲ್ಲೇ ಇರುತ್ತೆ. ಇದರ ಶಕ್ತಿ ಇಳಿದ ಮೇಲೆ ಅವು ಇನ್ನೂ ಜಾಸ್ತಿ ಉಬ್ಬುತ್ತವೆ. ನಿಮ್ಮ ಕೆಂಪಿನಲ್ಲಿ ಅರ್ಧ ಇದರದ್ದೇ.”

“ಬಿಟ್ರೆ ಬೆಳ್ಳಗಾಗ್ತವಾ?”

“ಮೊದಲು ಈಗಿರೋದಕ್ಕಿಂತ ಕೆಂಪಾಗ್ತವೆ. ಕೆಲವು ವಾರ. ಆಮೇಲೆ ಇಳಿಯುತ್ತೆ. ಪೂರ್ತಿ ಹೋಗೋ ರೋಗ ಅಲ್ಲ ಇದು, ನೋಡ್ಕೊಂಡು ಹೋಗ್ಬೇಕು.” ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ನೋಡಿದ ಮೇಲೆ ಹೇಳಿದರು: “ದೃಷ್ಟಿ ಸರಿಯಾಗಿದೆ, ಗಾಡಿ ಓಡಿಸಬಹುದು. ಆದರೆ ಮಸುಕಾದ್ರೆ ಆ ಕ್ಷಣ ನಿಲ್ಲಿಸಿ, ಹನಿ ಹಾಕಿ, ತಿಳಿಯಾದ ಮೇಲೇ ಹೊರಡಿ. ಕೆಂಪು ಇಳಿಯೋವರೆಗೆ ರಜೆ ಸಿಕ್ಕರೆ ಒಳ್ಳೇದು.”

ಖಾಸಗಿ ಬಸ್ಸಿನಲ್ಲಿ ರಜೆ ಎಂದರೆ ಆ ಸೀಟಿಗೆ ಇನ್ನೊಬ್ಬ ಎಂದರ್ಥ. ಶೀಶೆ ಹಿಡಿದರೆ ಕೆಲಸ ಉಳಿಯುತ್ತದೆ, ಕಣ್ಣು ಹೋಗುತ್ತದೆ. ಬಿಟ್ಟರೆ ಕಣ್ಣು ಉಳಿಯುತ್ತದೆ, ಊರೂರಿಗೆ ಕುಡುಕನಾಗುತ್ತಾನೆ. ಅಂದು ಸಂಜೆ ಇದನ್ನೆಲ್ಲ ಕೇಳಿದ ನಿಂಗಕ್ಕ ಬಿಸಿನೀರಿನ ಪಾತ್ರೆ ತಂದಿಟ್ಟು ಹೇಳಿದಳು: “ಕೆಂಪಗಿದ್ರೆ ಇರ್ಲಿ ಬಿಡು. ಕಳ್ಳತನ ಮಾಡಿದೋರ ಹಂಗೆ ಬಸ್ಸಿನ ಹಿಂದೆ ಯಾಕೆ ಹೋಗ್ತೀಯ? ಮುಂದೆ ನಿಂತ್ಕಂಡು ಹಾಕ್ಕ.”

ಅವನು ಹಾಗೆಯೇ ಮಾಡಿದ. ಮರುದಿನದಿಂದ ಹೊಸ ಹನಿಯನ್ನು ಬಸ್ಸಿನ ಮುಂದೆ, ನಿಲ್ದಾಣದ ನಡುವೆ, ಎಲ್ಲರೂ ನೋಡುವಂತೆ ಹಾಕಿಕೊಂಡ. ಕಣ್ಣು ಹೇಳಿದಂತೆಯೇ ಕೆಂಡವಾಯಿತು. ಬಿಳಿ ಗಾಜಿನ ದೊಡ್ಡ ಕನ್ನಡಕದ ಹಿಂದೆ ಅದು ಇನ್ನೂ ಎದ್ದು ಕಾಣುತ್ತಿತ್ತು.

ಹೊಳಲ್ಕೆರೆಯಲ್ಲಿ ಎತ್ತಪ್ಪ ಎಂಬ ಪ್ಯಾಸೆಂಜರ್ ಮೆಟ್ಟಿಲ ಮೇಲೇ ನಿಂತು ಕೂಗಿದ. “ಏನ್ರಪ್ಪ, ಈ ಕಣ್ಣಿನೋನ ಕೈಗೆ ಜೀವ ಕೊಟ್ಟು ಕುಂತಿದ್ದೀರಲ್ಲ!”

ಚಿಕ್ಕತಿಮ್ಮಪ್ಪ ಸೀಟಿನಿಂದ ಎದ್ದು ಬಂದು ಅವನ ಮೂಗಿನ ನೇರಕ್ಕೆ ಬಾಯಿ ತೆಗೆದ. “ಮೂಸು.”

“ಬರ್ತೈತಲ್ಲ ವಾಸನೆ!”

“ಅದು ನಿಂದೇ ಕಣೋ, ಎತ್ತಪ್ಪ” ಎಂದಳು ಕಾಳಕ್ಕ; ಡ್ರೈವರು ಕಣ್ಣಿಗೆ ಹನಿ ಬಿಟ್ಟುಕೊಳ್ಳುವುದನ್ನು ಅವಳು ಈಗ ದಿನಾ ಕಣ್ಣಾರೆ ನೋಡುತ್ತಿದ್ದಳು. “ನನ್ನ ಮಲ್ಲಿಗೆ ಬಾಡೋಗ್ತಾವೆ, ಆಚೆ ಸರಿ.”

ಬಸ್ಸು ನಕ್ಕಿತು. ಎತ್ತಪ್ಪ ಸೀದಾ ಮಂಡಿಗೆ ಹೋದ. ಮರುದಿನ ಬೆಳಿಗ್ಗೆ ಶಿವಕುಮಾರಪ್ಪ ನಿಲ್ದಾಣದಲ್ಲಿ ಕಾಯುತ್ತಿದ್ದ.

“ಮೊದಲು ಕಣ್ಣು ಬಿಳಿ ಮಾಡೋ ಔಷಧಿ ಹಾಕ್ಕಂತಿದ್ಯಂತಲ್ಲ, ಜಂಪಣ್ಣ ಹೇಳ್ದ. ಅದನ್ನೇ ಹಾಕ್ಕ. ಇಲ್ಲಾ ಕೀಲಿ ಕೊಡು.”

“ಅದನ್ನ ಹಾಕಲ್ಲ. ಕೀಲೀನೂ ಕೊಡಲ್ಲ. ಬರ್ರಿ, ಸರ್ಕಾರಿ ಆಸ್ಪತ್ರೆಗೆ ಹೋಗಾಣ. ರಕ್ತ ತೆಗೆಸ್ರಿ. ಒಂದು ಹನಿ ಸಾರಾಯಿ ಸಿಕ್ರೆ ನನ್ನ ಲೈಸೆನ್ಸು ನೀವೇ ಸುಟ್ಟಾಕ್ರಿ.”

ಶಿವಕುಮಾರಪ್ಪ ತುಂಬಿದ ಬಸ್ಸನ್ನು ನೋಡಿದ. ಬೇರೆ ಡ್ರೈವರು ಕೈಯಲ್ಲಿರಲಿಲ್ಲ. “ಈ ತಿಂಗಳು ನೋಡ್ತೀನಿ” ಎಂದು ಹೋದ.

ಆ ತಿಂಗಳಲ್ಲಿ ಕೆಲವರು ಬಸ್ಸು ಬಿಟ್ಟು ಮುಂದಿನದಕ್ಕೆ ಕಾದರು. ಎರಡು ಸಲ ರಸ್ತೆ ಮಸುಕಾಯಿತು. ಎರಡೂ ಸಲ ಅವನು ಬಸ್ಸು ನಿಲ್ಲಿಸಿ, “ಕಣ್ಣಿಗೆ ಔಷಧಿ ಹಾಕ್ಕಂತೀನಿ, ಅವಸರ ಇದ್ದೋರು ಇಳೀರಿ” ಎಂದು ಗಟ್ಟಿಯಾಗಿ ಹೇಳಿದ. ಯಾರೂ ಇಳಿಯಲಿಲ್ಲ. ಬೆಳಿಗ್ಗೆ ಸಂಜೆ ಬಿಸಿ ಬಟ್ಟೆ ತಪ್ಪಲಿಲ್ಲ. ಆಷಾಢದ ಗಾಳಿ ಜೋರಾಗುವ ಹೊತ್ತಿಗೆ ಕಣ್ಣಿನ ಕೆಂಪು ಇಳಿದು, ಮೂಲೆಗಳಲ್ಲಿ ನಾಲ್ಕು ಎಳೆ ಮಾತ್ರ ಉಳಿದವು.

ಆಗ ಹೊಸ ಮಾತು ಹುಟ್ಟಿತು: ಚಿಕ್ಕತಿಮ್ಮಪ್ಪ ಕುಡಿಯೋದು ಬಿಟ್ಟನಂತೆ. ಸಾವ್ಕಾರ್ರು ಹೆದರಿಸಿ ಬಿಡಿಸಿದರಂತೆ.

ನಿಲ್ದಾಣಗಳಲ್ಲಿ ಜನ ಅವನ ಬೆನ್ನು ತಟ್ಟಿ ಒಳ್ಳೇ ಕೆಲಸ ಮಾಡಿದೆ ಎಂದರು. ಹಿಂದಿನ ಬೈಗುಳಕ್ಕಿಂತ ಈ ಹೊಗಳಿಕೆ ಅವನನ್ನು ಹೆಚ್ಚು ಉರಿಸಿತು. ಕುಡುಕ ಎಂದು ಬೈದಾಗ ಅಲ್ಲ ಎನ್ನಬಹುದಿತ್ತು. ಬಿಟ್ಟೆಯಲ್ಲ ಎಂದು ಮೆಚ್ಚಿದಾಗ ಹಳೆಯ ಸುಳ್ಳಿಗೆ ಅವನೇ ರುಜು ಹಾಕಿದಂತಾಗುತ್ತಿತ್ತು.

ಒಂದು ದಿನ ಶಿವಕುಮಾರಪ್ಪನೇ ಬಸ್ಸು ಹತ್ತಿದ. ಚಿತ್ರದುರ್ಗದ ಕೋರ್ಟಿನಲ್ಲಿ ಅವನಿಗೆ ಕೆಲಸವಿತ್ತು. ಮುಂದಿನ ಸೀಟಿನಲ್ಲಿ ಕೂತು ಪಕ್ಕದವನಿಗೆ ಹೇಳತೊಡಗಿದ: “ಇವನು ಹೆಂಗಿದ್ದ ಗೊತ್ತೇನ್ರಿ? ಒಂದೇ ಮಾತು ಗದರಿಸ್ದೆ. ಅಂದಿನಿಂದ ಬಾಟ್ಲಿ ಮುಟ್ಟಿಲ್ಲ.”

ಚಿಕ್ಕತಿಮ್ಮಪ್ಪ ಬಸ್ಸನ್ನು ರಸ್ತೆ ಪಕ್ಕಕ್ಕೆ ತಂದು ಎಂಜಿನ್ ಆರಿಸಿದ.

“ಏನಾತಣ್ಣ, ಕಣ್ಣಾ?” ಎಂದ ಜಂಪಣ್ಣ.

“ಕಣ್ಣು ಚೆನ್ನಾಗವೆ. ಸಾವ್ಕಾರ್ರೆ, ನಾನು ಬಿಟ್ಟಿಲ್ಲ. ಯಾವತ್ತೂ ಕುಡಿದಿಲ್ಲ. ನನಗಿದ್ದದ್ದು ಕಣ್ಣಿನ ರೋಗ. ಅಷ್ಟು ಹೇಳ್ರಿ, ಗಾಡಿ ಹೋಗ್ತೈತೆ.”

“ಲೇ, ಕೋರ್ಟಿಗೆ ಹೊತ್ತಾಗ್ತೈತೆ!”

“ಅದಕ್ಕೇ ಬೇಗ ಹೇಳ್ರಿ.”

ಹಿಂದಿನಿಂದ ಗೊಣಗಾಟ ಎದ್ದಿತು. ಯಾರೋ ಡ್ರೈವರನ್ನು ಬೈದರು, ಯಾರೋ ಮಾಲೀಕನನ್ನು. ಗಾಳಿ ಬಸ್ಸಿನ ತಗಡನ್ನು ಬಡಿಯುತ್ತಿತ್ತು. ಚಿಕ್ಕತಿಮ್ಮಪ್ಪ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ರಸ್ತೆ ನೋಡುತ್ತಾ ಕೂತ. ಕೊನೆಗೆ ಶಿವಕುಮಾರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಆತಪ್ಪ. ಇವನು ಕುಡಿದೋನಲ್ಲ. ಕಣ್ಣಿನ ರೋಗ ಇತ್ತು” ಎಂದ.

“ಹಿಂದಿನೋರ್ಗೆ ಕೇಳಲಿಲ್ಲ” ಎಂದಳು ಕಾಳಕ್ಕ.

ಅವನು ಎದ್ದು ನಿಂತು ಇನ್ನೊಂದು ಸಲ ಹೇಳಬೇಕಾಯಿತು.

ಚಿತ್ರದುರ್ಗದಲ್ಲಿ ಇಳಿಯುವಾಗ ಶಿವಕುಮಾರಪ್ಪ ಡ್ರೈವರ್ ಕಿಟಕಿಯ ಕೆಳಗೆ ಬಂದು ಹಲ್ಲು ಕಚ್ಚಿ ಹೇಳಿದ: “ನಾಳೆಯಿಂದ ಬರ್ಬ್ಯಾಡ.”

“ನಾಳೆ ಟೈಮಿಗೆ ಸರಿಯಾಗಿ ಗಾಡಿ ತೆಗೀತೀನಿ” ಎಂದ ಚಿಕ್ಕತಿಮ್ಮಪ್ಪ. “ಬ್ಯಾಡ ಅನ್ನಂಗಿದ್ರೆ ನಿಲ್ದಾಣಕ್ಕೆ ಬಂದು, ಪ್ಯಾಸೆಂಜರ್ ಮುಂದೆ, ಯಾಕೆ ಬ್ಯಾಡ ಅಂತ ಹೇಳ್ರಿ.”

ಮರುದಿನ ಹೊಳಲ್ಕೆರೆ ನಿಲ್ದಾಣದಲ್ಲಿ ಬಸ್ಸು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು. ಹೇಳುವುದಿದ್ದರೆ ಬಂದು ಹೇಳಲಿ ಎಂದು ಚಿಕ್ಕತಿಮ್ಮಪ್ಪ ಮಂಡಿಯ ಬಾಗಿಲು ಕಾಣುವ ಹಾಗೆ ನಿಲ್ಲಿಸಿದ್ದ. ಬಾಗಿಲು ತೆರೆದಿತ್ತು. ಯಾರೂ ಹೊರಗೆ ಬರಲಿಲ್ಲ. ಅವನು ಗೇರ್ ಹಾಕಿದ.