ಅರ್ವೊನ ಬಿಲ್ಲು, ಸೈಮಿಯ ಎಡಗೈ

ಟಮರಾಕ್ ಎಂಬ ಉತ್ತರದ ಗಣಿಯೂರಿನ ಬೇಟೆಗಾರರ ಕ್ಲಬ್ಬಿನ ಗೋಡೆಯ ಮೇಲೆ ಆ ಬಿಲ್ಲು ಐವತ್ತು ವರ್ಷ ನೇತಾಡಿತು. ಅಷ್ಟೂ ವರ್ಷ ಒಬ್ಬ ಗಂಡಸೂ ಅದನ್ನು ಕೈಗೆ ತೆಗೆದುಕೊಂಡು ಎಳೆದು ನೋಡಲಿಲ್ಲ. ಭಕ್ತಿಯೆಂದರೆ ಹಾಗೆಯೇ. ಮುಟ್ಟಿ ನೋಡಿದರೆ ಎಲ್ಲಿ ನಿಜ ಕೈಗೆ ತಾಕೀತೋ ಎಂಬ ಅಂಜಿಕೆಯೂ ಅದರಲ್ಲಿ ಸೇರಿಕೊಂಡಿರುತ್ತದೆ. ನೆನಪಾದಾಗ ಯಾರಾದರೊಬ್ಬ ಏಣಿ ಹತ್ತಿ, ಬಾಗಿಲಿಗೆ ಬಳಿದು ಮಿಕ್ಕ ವಾರ್ನಿಷನ್ನು ಅದಕ್ಕೂ ಬಳಿದು ಇಳಿಯುತ್ತಿದ್ದ. ಬೀಳದಿರಲಿ ಎಂದು ಹಿಡಿಯ ಪಕ್ಕದಲ್ಲೇ ಎರಡು ತೂತು ಕೊರೆದು ಗೋಡೆಗೆ ಸ್ಕ್ರೂ ಬಿಗಿದಿದ್ದರು. ಕೆಲಸವಿಲ್ಲದ ಬಿಲ್ಲಿನ ಹೆದೆ ಬಿಚ್ಚಿಡಬೇಕೆಂಬುದು ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಹೆದೆ ಬಿಚ್ಚಿದರೆ ಬಿಲ್ಲು ಬಿಲ್ಲಿನ ಹಾಗೆ ಕಾಣುವುದಿಲ್ಲವಲ್ಲ! ಹಾಗಾಗಿ ಅದು ಬಿಗಿದುಕೊಂಡೇ ಇತ್ತು, ಫೋಟೋ ತೆಗೆಯುವವನು ಬರುತ್ತಾನೆಂದು ಹೊಟ್ಟೆ ಒಳಗೆಳೆದುಕೊಂಡು ನಿಂತವರ ಹಾಗೆ.

ಬಿಲ್ಲಿನ ಕೆಳಗೆ ಹನ್ನೆರಡು ಕವಲಿನ ಕೊಂಬಿನ ಜಿಂಕೆಯ ತಲೆ. ತಲೆಯ ಕೆಳಗೆ ಹಿತ್ತಾಳೆಯ ಫಲಕ: ಅರ್ವೊ ಕಾಂಗಾಸ್, 1962. ಪಕ್ಕದಲ್ಲಿ ಅರ್ವೊನ ಫೋಟೋ. ಅದರಲ್ಲಿ ಅವನ ಒಂದು ಕೆನ್ನೆ ಬನ್ನಿನಂತೆ ಊದಿದೆ. ಸಾಯುವ ಮುಂಚೆ ಆ ಜಿಂಕೆ ಕೊಂಬಿನಿಂದ ಹೊಡೆದ ಏಟು ಅದು ಎಂದು ಕ್ಲಬ್ಬಿನ ಹಿರಿಯರು ಕಿರಿಯರಿಗೆ ಹೇಳುತ್ತಾರೆ. ಬಿಲ್ಲು ಎಳೆಯಲು ಎಪ್ಪತ್ತು ಪೌಂಡಿನ ಬಲ ಬೇಕು, ಅರ್ವೊನಂಥ ತೋಳಿಲ್ಲದವನು ಎಳೆಯಲಾರ ಎಂದೂ ಹೇಳುತ್ತಾರೆ.

ಕೆನ್ನೆ ಊದಿದ್ದು ದವಡೆ ಹಲ್ಲಿನಿಂದ. ಇದು ಗೊತ್ತಿದ್ದದ್ದು ಇಬ್ಬರಿಗೆ: ಲವಂಗದೆಣ್ಣೆಯ ಹತ್ತಿ ಇಟ್ಟ ಹೆಂಡತಿ ಸೈಮಿಗೆ, ಮತ್ತು ರಾತ್ರಿಯಿಡೀ ಅಣ್ಣನ ನರಳಾಟ ಕೇಳಿದ ತಂಗಿ ಹಿಲ್ಯಾಗೆ. ಆ ಅಕ್ಟೋಬರ್ ಬೆಳಿಗ್ಗೆ ಅರ್ವೊ ಕಂಬಳಿ ಹೊದ್ದು ಮಲಗಿದ್ದಾಗ, ಹಳೇ ತೋಟದ ಒಂಟಿ ಸೇಬಿನ ಮರದ ಬುಡದಲ್ಲಿ ಇಬ್ಬನಿಯ ಮೇಲೆ ಮಂಡಿಯೂರಿ ಕಾದು, ಆ ಜಿಂಕೆಯನ್ನು ಒಂದೇ ಬಾಣಕ್ಕೆ ಕೆಡವಿದವಳು ಸೈಮಿ. ಆಗ ಅವಳಿಗೆ ಇಪ್ಪತ್ತೆರಡು.

ಬಿಲ್ಲೂ ಅವಳದೇ. ಶಾಲೆಯಲ್ಲಿ ಎಡಗೈಯಲ್ಲಿ ಬರೆದಳೆಂದು ಟೀಚರು ಬೆರಳ ಗಂಟಿನ ಮೇಲೆ ಹೊಡೆದು ಬಲಗೈ ಕಲಿಸಿದ್ದರು. ಊರ ಕಣ್ಣಿಗೆ ಅವಳು ಬಲಗೈಯವಳೇ. ಬರೆಯುವುದು, ಕಾಫಿ ಬಗ್ಗಿಸುವುದು ಎಲ್ಲ ಬಲಗೈಯಲ್ಲಿ. ಯಾರೂ ನೋಡದ ಕಡೆ ಮಾತ್ರ ಎಡಗೈ. ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ಎಡಚರ ಬಿಲ್ಲೊಂದು ಯಾರಿಗೂ ಬೇಡವಾಗಿ ಧೂಳು ತಿನ್ನುತ್ತಿತ್ತು. ಇಬ್ಬರ ಪಾಡೂ ಒಂದೇ ಅನ್ನಿಸಿ, ಬೆರಿಹಣ್ಣು ಆರಿಸಿದ ದುಡ್ಡಿನಲ್ಲಿ ಅವಳು ಅದನ್ನು ಮನೆಗೆ ತಂದಳು.

ಇನ್ನು ಲೈಸೆನ್ಸಿನ ವಿಚಾರ. ಆ ಊರಿನ ಗಂಡಸರು ತಮಗೊಂದು, ಹೆಂಡತಿಗೊಂದು ಎಂದು ಎರಡೆರಡು ಲೈಸೆನ್ಸ್ ಕೊಳ್ಳುತ್ತಿದ್ದರು. ಒಬ್ಬರಿಗೆ ಒಂದೇ ಜಿಂಕೆ ಎಂಬುದು ಸರ್ಕಾರದ ನಿಯಮ. ಎರಡನೆಯದು ಬಿದ್ದರೆ ಅದರ ಕಾಲಿಗೆ ಹೆಂಡತಿಯ ಹೆಸರಿನ ಚೀಟಿ ಕಟ್ಟಿದರಾಯಿತು. ಕಾಡಿನ ಮುಖ ನೋಡದ ಹೆಂಗಸರು ಹೀಗೆ ವರ್ಷ ವರ್ಷ ಜಿಂಕೆ ಹೊಡೆಯುತ್ತಿದ್ದರು. ಒಲೆಯ ಮುಂದೆ ನಿಂತು, ಸೌಟು ಹಿಡಿದು, ಐದು ಮೈಲಿ ದೂರದ ಜಿಂಕೆಯನ್ನು! ಇಡೀ ಊರಿನಲ್ಲಿ ನಿಜವಾಗಿ ಜಿಂಕೆ ಹೊಡೆದ ಒಬ್ಬಳ ಬೇಟೆಗೆ ಮಾತ್ರ ಗಂಡನ ಚೀಟಿ ಬಿತ್ತು. ವರ್ಷದ ದೊಡ್ಡ ಜಿಂಕೆಗೆ ಕ್ಲಬ್ಬು ಕೊಡುವ ಬಹುಮಾನ ಸದಸ್ಯರಿಗಷ್ಟೇ, ಹೆಂಗಸರು ಸದಸ್ಯರಲ್ಲ.

"ಒಂದು ಸಂಜೆ ಮಟ್ಟಿಗೆ ಅಷ್ಟೇ ಸೈಮಿ," ಎಂದಿದ್ದ ಅರ್ವೊ, ಕೆನ್ನೆ ಹಿಡಿದುಕೊಂಡು. "ಬಹುಮಾನ ಕೈಗೆ ಬರ್ಲಿ, ನಾನೇ ಎದ್ದು ನಿಂತು ಹೇಳ್ತೀನಿ."

ಬಹುಮಾನ ಬಂತು. ಎದ್ದು ನಿಂತ. ಚಪ್ಪಾಳೆ ಬಿತ್ತು. ಕೂತ. ಬಿಲ್ಲನ್ನು ಗೋಡೆಗೆ ಕೊಡು ಎಂದರು, ಕೊಟ್ಟ. ಆಮೇಲೆ ಅವನು ಬಾಣ ಮುಟ್ಟಲಿಲ್ಲ. ಸಿಂಹ ಎರಡು ಸಲ ಗರ್ಜಿಸುವುದಿಲ್ಲ ಎಂದು ಊರು ಅದಕ್ಕೂ ತಲೆದೂಗಿತು.

ಅರ್ವೊ ಒಳ್ಳೆಯ ಗಂಡ. ಅದೇ ತೊಂದರೆಯಾದದ್ದು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗಣಿ ಕೆಲಸ ಮುಗಿಸಿ ಬಂದು ಅವನೇ ಕಾಫಿ ಕಾಯಿಸುತ್ತಿದ್ದ. ಮನೆ ಮುಂದೆ "ಅರ್ವೊ ಕಾಂಗಾಸ್, ಬಿಲ್ಲು ರಿಪೇರಿ" ಎಂಬ ಬೋರ್ಡಿತ್ತು. ಗಿರಾಕಿ ಬಂದರೆ ಅವನು ಗಂಭೀರವಾಗಿ ಬಿಲ್ಲನ್ನು ತಿರುಗಿಸಿ ನೋಡಿ, "ಗುರುವಾರ ಬನ್ನಿ" ಎಂದು ಹೇಳಿ, ಅದನ್ನು ಹಿತ್ತಲಿನಲ್ಲಿದ್ದ ಸೌನಾ ಎಂಬ ಉಗಿಸ್ನಾನದ ಮನೆಯ ಮುಂಗೋಣೆಗೆ ತಂದು ಸೈಮಿಯ ತೊಡೆಯ ಮೇಲಿಡುತ್ತಿದ್ದ. ಜಿಲ್ಲೆಯ ಅರ್ಧ ಬಿಲ್ಲುಗಳು ಅವಳ ಕೈಯಲ್ಲಿ ನೆಟ್ಟಗಾದವು. ತನ್ನದೊಂದು ಮಾತ್ರ ಗೋಡೆಯ ಮೇಲೆ ಸೊಟ್ಟಗಾಗುತ್ತಿತ್ತು. ಪ್ರತಿ ಶರತ್ಕಾಲದಲ್ಲೂ ಅವಳು ಕೇಳುತ್ತಿದ್ದಳು, "ನನ್ನ ಬಿಲ್ಲು ಇಳಿಸ್ಕೊಂಡು ಬಾ." ಅವನು ಪ್ರತಿ ಸಲವೂ, "ಮುಂದಿನ ವರ್ಷ ಖಂಡಿತ" ಎನ್ನುತ್ತಿದ್ದ. ಮುಂದಿನ ವರ್ಷಗಳು ಮುಗಿದು ಅವನೂ ಮುಗಿದ. ಸೈಮಿಗೆ ಎಪ್ಪತ್ತೆರಡಾಯಿತು. ಭುಜ ಇನ್ನೆಷ್ಟು ದಿನ ಮಾತು ಕೇಳುತ್ತದೋ ಗೊತ್ತಿಲ್ಲ. ಆ ಬಿಲ್ಲು ಹಿಡಿದು ಇನ್ನೊಮ್ಮೆ ಆ ಸೇಬಿನ ಮರದ ಕೆಳಗೆ ಕೂರಬೇಕು. ಬೇರೆ ಆಸೆ ಅವಳಿಗಿರಲಿಲ್ಲ.

ಐವತ್ತನೇ ವರ್ಷದ ಔತಣಕ್ಕೆ ಕ್ಲಬ್ಬು ಬಿಲ್ಲಿಗೆ ಗಾಜಿನ ಪೆಟ್ಟಿಗೆ ಮಾಡಿಸಲು ಹೊರಟಿತು. ಪೆಟ್ಟಿಗೆಗೆ ವಿಮೆ, ವಿಮೆಗೆ ಬೆಲೆ. ಅಧ್ಯಕ್ಷ ಕ್ಲೈಡ್ ಟ್ರೆವಾರೊ, ಟೈರ್ ಅಂಗಡಿಯವನು, ಬೆಲೆ ಕಟ್ಟಲು ವಾಂಡರ್‌ಮೋಲನ್ ಎಂಬ ತಜ್ಞನನ್ನು ಕರೆಸಿದ. ಬಂದವನು ದೊಡ್ಡ ಸೇತುವೆಯ ಆಚೆ ಕಡೆಯ ದಕ್ಷಿಣದವನು. ಸೇತುವೆ ಆಚೆಯವರಿಗೆ ಬುದ್ಧಿಯಿಲ್ಲ ಎಂದು ಮೂರು ಹೊತ್ತು ಹೇಳುವ ಊರು, ತನ್ನ ದೇವರ ಬೆಲೆ ಕೇಳಲು ಮಾತ್ರ ಅವರನ್ನೇ ಕರೆಯುತ್ತದೆ.

ಸೈಮಿ, ಹಿಲ್ಯಾ ಇಬ್ಬರೂ ಕ್ಲಬ್ಬಿನ ಅಡಿಗೆಮನೆಯ ಬಾಗಿಲಲ್ಲಿ ಕಾಫಿ ಪಾತ್ರೆ ಹಿಡಿದು ನಿಂತಿದ್ದರು. ವಾಂಡರ್‌ಮೋಲನ್ ಬಿಲ್ಲನ್ನು ಗೋಡೆಯಿಂದ ಬಿಡಿಸಿ ಮೇಜಿನ ಮೇಲಿಟ್ಟ.

"ಈ ತೂತು ಕೊರೆದೋರು ಯಾರು?"

"ನಾನೇ," ಎಂದ ಕ್ಲೈಡ್ ಎದೆಯುಬ್ಬಿಸಿ. "ಗಟ್ಟಿಯಾಗಿ ಕೂತಿತ್ತಲ್ವಾ?"

"ಗಟ್ಟಿಯಾಗೇ ಕೂತಿತ್ತು. ಬೆಲೆ ಮಾತ್ರ ಅದೇ ತೂತಲ್ಲಿ ಸೋರಿಹೋಗಿದೆ. ಈ ವಾರ್ನಿಷ್ಷು?"

"ಅದೂ ನಾವೇ ಸ್ವಾಮಿ. ಒಳ್ಳೇ ಕಂಪನೀದು."

ತಜ್ಞ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಬಿಲ್ಲಿನ ಹಿಡಿಯ ಕೆಳಗಿನ ತೋಳು ತಿರುಚಿಕೊಂಡಿದೆ. ಕಂಪನಿಯ ಗುರುತು ವಾರ್ನಿಷ್ ಕೆಳಗೆ ಸತ್ತಿದೆ. ಬರೀ ಬಿಲ್ಲು ಅಂತ ನೋಡಿದ್ರೆ ಇದು ಒಲೆಗೆ. ಆದ್ರೆ ಆ ಜಿಂಕೆ ಕತೆ ಇದರ ಜೊತೆ ಬರತ್ತಲ್ಲ, ಅದಕ್ಕೆ ಕೊಡೋರಿದಾರೆ. ಬೆಲೆ ಇರೋದು ಕತೆಗೆ ನೋಡಿ, ಬಿಲ್ಲಿಗಲ್ಲ." ಆಮೇಲೆ ಬಿಲ್ಲನ್ನು ಇನ್ನೊಮ್ಮೆ ತಿರುಗಿಸಿ, "ಅಂದ ಹಾಗೆ, ನಿಮ್ಮ ಅರ್ವೊ ಎಡಚರಾ?"

ಸೇರಿದ್ದ ಸದಸ್ಯರು ಅರ್ವೊನ ಫೋಟೋದತ್ತ ನೋಡಿದರು.

"ಇದು ಎಡಚರ ಬಿಲ್ಲು. ಬಾಣ ಕೂರೋ ಮೆಟ್ಟು ಬಲಗಡೆ ಇದೆ, ನೋಡಿ. ಬಲಗೈಯವರ ಬಿಲ್ಲಲ್ಲಿ ಅದು ಎಡಗಡೆ ಇರತ್ತೆ."

ಕ್ಲೈಡ್ ಇಪ್ಪತ್ತು ವರ್ಷ ಅರ್ವೊನ ಜೊತೆ ಗಣಿಯ ತಂಡದಲ್ಲಿ ಬೇಸ್‌ಬಾಲ್ ಆಡಿದವನು. ಅರ್ವೊ ಬಲಗೈಯಲ್ಲಿ ಎಸೆದ ಚೆಂಡು ತಾಗಿ ಒಮ್ಮೆ ಅವನ ಮೂಗೇ ಒಡೆದಿತ್ತು. ಆ ಸೊಟ್ಟ ಮೂಗನ್ನು ಸವರಿಕೊಳ್ಳುತ್ತಾ ಅವನು ಹೇಳಿದ, "ಎಡಚನೇ ಮತ್ತೆ! ಬೇಟೇಲಿ ಮಾತ್ರ."

ಒಬ್ಬ ದಾರಿ ತೋರಿಸಿದರೆ ಸಾಕು, ನೆನಪುಗಳು ಕುರಿಮಂದೆಯಂತೆ ಹಿಂದೆ ಬರುತ್ತವೆ. ಅರ್ವೊ ಎಡಗೈಯಲ್ಲಿ ಮೊಳೆ ಹೊಡೆದದ್ದನ್ನು ಒಬ್ಬ ಕಣ್ಣಾರೆ ಕಂಡಿದ್ದ. ಇನ್ನೊಬ್ಬನಿಗೆ ಅರ್ವೊನೇ ಗುಟ್ಟಾಗಿ ಹೇಳಿದ್ದನಂತೆ.

"ನಮ್ಮಣ್ಣ ಎಡಗೈಲಿ ಮೂಗು ಕೂಡ ಒರೆಸ್ಕೊಂಡೋನಲ್ಲ," ಎಂದು ಹಿಲ್ಯಾ ಸೈಮಿಯ ಕಿವಿಯಲ್ಲಿ ಉಸುರಿದಳು. "ಹೇಳೇ ಈಗಲಾದ್ರೂ! ಬಾಯಿ ಇಲ್ವಾ ನಿಂಗೆ?"

ಸೈಮಿಯ ಕಣ್ಣು ಬಿಲ್ಲಿನ ಮೇಲಿತ್ತು. ಕ್ಲೈಡ್ ಇತ್ತ ತಿರುಗಿದ. "ಸೈಮಿ, ಅರ್ವೊನ ಸಾಮಾನೆಲ್ಲ ಹಾಗೇ ಇಟ್ಟಿದೀರ ಅಲ್ವಾ? ಅವನು ಕೆಲ್ಸ ಮಾಡೋದು ನೋಡಿರ್ತೀರಿ. ಈ ತೋಳೊಂದು ಸ್ವಲ್ಪ ನೆಟ್ಟಗಾಗತ್ತಾ ನೋಡ್ತೀರಾ? ಔತಣದ ದಿನ ಇದರಲ್ಲೊಂದು ಬಾಣ ಬಿಡೋಣ ಅಂತ."

"ನೋಡಿದೀನಿ," ಎಂದಳು ಸೈಮಿ. "ಗುರುವಾರ ಬನ್ನಿ."

ಮನೆಗೆ ತಂದವಳು ಮೊದಲು ಮಾಡಿದ್ದು ಹೆದೆ ಬಿಚ್ಚಿದ್ದು. ಬಿಲ್ಲು ನಿಟ್ಟುಸಿರಿಟ್ಟಂತೆ ಸಡಿಲಾಯಿತು. ಎರಡು ದಿನ ಅದನ್ನು ಸುಮ್ಮನೆ ಮಲಗಿಸಿದಳು. ಆಮೇಲೆ ಉಕ್ಕಿನ ನಾರಿನಿಂದ, ಬೆಕ್ಕಿನ ಬೆನ್ನು ಸವರುವಷ್ಟು ಹಗುರವಾಗಿ ವಾರ್ನಿಷ್ ತೆಗೆದಳು. ಕೆಳಗಿನ ತೋಳಿನ ಒಳಮೈಯಲ್ಲಿ ಕಾರ್ಖಾನೆಯವರು ಶಾಯಿಯಲ್ಲಿ ಬರೆದ ಅಂಕಿ ಮೇಲೆದ್ದಿತು: 38. ಊರಿನವರ ಎಪ್ಪತ್ತು ಪೌಂಡು ಅಲ್ಲಿಗೆ ಕರಗಿತು.

ಸೌನಾದ ಒಲೆ ಹಚ್ಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ತಿರುಚಿದ ತೋಳಿಗೆ ಸುತ್ತಿ, ಅದು ಮೆತ್ತಗಾಗುತ್ತಿದ್ದಂತೆ ಎದುರು ದಿಕ್ಕಿಗೆ ಹಿಂಡಿ ಹಿಡಿದಳು. ತಣ್ಣಗಾಗುವ ತನಕ ಬಿಡುವಂತಿಲ್ಲ. ಬಿಟ್ಟರೆ ಹಳೇ ಚಾಳಿಗೆ ಮರಳುತ್ತದೆ. ಅವಸರ ಮಾಡಿದರೆ ಪದರ ಬಿಡುತ್ತದೆ. ಮರದ ಬೆಂಚಿನ ಮೇಲೆ ಹಿಲ್ಯಾ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಾ ಕೂತಿದ್ದಳು.

"ನೆಟ್ಟಗೆ ಮಾಡಿ ಅವರ ಕೈಗೇ ಕೊಡ್ತೀಯಾ?"

"ನೆಟ್ಟಗೆ ಮಾಡ್ದೆ ಬಿಟ್ರೆ ಸಾಯತ್ತಲ್ಲ ಇದು."

"ನಿನ್ನ ನಾಲಿಗೆಗೂ ಒಂದ್ಸಲ ಬಿಸಿನೀರಿನ ಬಟ್ಟೆ ಸುತ್ತಬೇಕು ಕಣೇ. ಐವತ್ತು ವರ್ಷದಿಂದ ತಿರುಚ್ಕೊಂಡು ಕೂತಿದೆ."

ಸೈಮಿ ನಕ್ಕಳು. ಕೈ ಮಾತ್ರ ಸಡಿಲಿಸಲಿಲ್ಲ. ಮೂರು ಸಲ ಹಾಗೆ ಮಾಡಿದ ಮೇಲೆ ಹೊಸ ಹೆದೆ ತೋಳಿನ ನಡುಗೆರೆಯ ಮೇಲೆ ಕೂದಲೆಳೆ ಆಚೀಚೆಯಾಗದೆ ಕೂತಿತು. ಸ್ಕ್ರೂ ತೂತುಗಳಿಗೆ ಮರದ ಪುಡಿ, ಗೋಂದು ತುಂಬಿದಳು. ಆ ಗಾಯದ ಕಲೆಯನ್ನು ಮಾತ್ರ ಮರೆಮಾಚಲಿಲ್ಲ.

ಔತಣದ ಸಂಜೆ ಕ್ಲಬ್ಬು ತುಂಬಿತ್ತು. ಹೆಂಗಸರು ಮಾಂಸ ತುಂಬಿದ ಕಡುಬಿನಂಥ ಪಾಸ್ಟಿ ಇನ್ನೂರು ಬೇಯಿಸಿದ್ದರು, ಗಂಡಸರು ಭಾಷಣ ತಯಾರಿಸಿದ್ದರು. ಹಜಾರದ ಕೊನೆಯಲ್ಲಿ ಹುಲ್ಲಿನ ಕಟ್ಟುಗಳ ಮೇಲೆ ಗುರಿಹಲಗೆ. ಕ್ಲೈಡ್ ಕೋಟು ಬಿಚ್ಚಿ, ಎಪ್ಪತ್ತು ಪೌಂಡಿಗೆ ಬೇಕಾದಷ್ಟು ಉಸಿರು ತುಂಬಿಕೊಂಡು, ಬಿಲ್ಲನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಎಳೆದ. ಬಿಲ್ಲು ಅಷ್ಟು ಸಲೀಸಾಗಿ ಬಂತೆಂದರೆ ಅವನೇ ಹಿಂದಕ್ಕೆ ವಾಲಿದ. ಅವನು ಬಾಣವಿಟ್ಟ ಕಡೆ ಮೆಟ್ಟೇ ಇರಲಿಲ್ಲ. ಅದು ಬೆರಳ ಮೇಲಿಂದ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಎತ್ತಿ ಇಟ್ಟ. ಮತ್ತೆ ಬಿತ್ತು.

"ಅರ್ವೊನ ಬಿಲ್ಲು ಅರ್ವೊಗೊಬ್ಬನಿಗೇ ಒಲಿಯೋದು!" ಎಂದು ಯಾರೋ ಕೂಗಿದರು. ಮೇಜುಗಳು ಕುಣಿದವು.

"ರಿಪೇರಿ ಮಾಡಿದವಳ ಕೈಗೆ ಕೊಡ್ರಯ್ಯಾ!" ಹಿಲ್ಯಾಳ ದನಿ ಅಡಿಗೆಮನೆಯಿಂದ ಬಂತು.

ಸೈಮಿ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದಳು. ಬಲಗೈಯಲ್ಲಿ ಬಿಲ್ಲು ಹಿಡಿದಳು. ಟೀಚರು ಹೊಡೆದಿದ್ದ ಎಡಗೈಯ ಬೆರಳುಗಳು ಹೆದೆಯನ್ನು ಬಾಯಿಯಂಚಿಗೆ ತಂದವು. ಬಾಣ ಹೋಗಿ ನಟ್ಟನಡುವೆ ನಾಟಿತು. ಸೈಮಿ ಜನರ ಕಡೆ ತಿರುಗಿ ಹೇಳಿದಳು:

"ಆ ಜಿಂಕೆ ಹೊಡೆದದ್ದು ನಾನು."

ಇಡೀ ಕ್ಲಬ್ಬು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನನ್ನ ಹೆಂಡ್ತಿ ಡೋರಿಸ್ ಹನ್ನೊಂದು ಜಿಂಕೆ ಹೊಡೆದಿದಾಳೆ, ಲೈಸೆನ್ಸಲ್ಲಿ!" ಎಂದ ಕ್ಲೈಡ್ ಕಣ್ಣೀರು ಒರೆಸಿಕೊಳ್ಳುತ್ತಾ. "ರಕ್ತ ಕಂಡ್ರೆ ತಲೆ ತಿರುಗಿ ಬೀಳ್ತಾಳೆ!"

"ನಮ್ಮಮ್ಮ ಗಾಲಿಕುರ್ಚೀಲಿ ಕೂತೇ ಎರಡು ಹೊಡೆದ್ಲು!"

"ಏನೇ ಹೇಳಿ, ಅರ್ವೊ ಎಂಥಾ ಗುರು ನೋಡಿ! ಹೆಂಡ್ತಿಗೂ ಎಡಗೈಲೇ ಕಲಿಸಿಟ್ಟಿದಾನೆ!"

ಚಪ್ಪಾಳೆಯ ಮೇಲೆ ಚಪ್ಪಾಳೆ, ಎಲ್ಲ ಅರ್ವೊಗೆ. ಸುಳ್ಳು ಚೀಟಿ ಕಟ್ಟಿ ಕಟ್ಟಿ ರೂಢಿಯಾದ ಊರಿಗೆ ನಿಜದ ಮಾತು ಸಿಕ್ಕರೆ ಅದನ್ನು ಹಾಸ್ಯವೆಂದು ಕೈತಟ್ಟಿ ಕಳಿಸಿಬಿಡುತ್ತದೆ.

ಸೈಮಿ ನಗು ನಿಲ್ಲಲೆಂದು ಕಾಯಲಿಲ್ಲ. ಬಿಲ್ಲನ್ನು ಕಾಲಿಗೆ ಆನಿಸಿ ಬಗ್ಗಿಸಿ ಹೆದೆ ಬಿಚ್ಚಿದಳು, ಸುರುಳಿ ಸುತ್ತಿ ಏಪ್ರನ್ ಜೇಬಿಗಿಟ್ಟಳು.

"ಎಲ್ಲಿಗೆ ತಗೊಂಡು ಹೊರಟ್ರಿ?" ಎಂದ ಕ್ಲೈಡ್.

"ಮನೆಗೆ. ಬೆಲೆ ಇರೋದು ಕತೆಗೆ, ಬಿಲ್ಲಿಗಲ್ಲ ಅಂದ್ರಲ್ಲ ಅವ್ರು. ಕತೆ ನೀವಿಟ್ಕೊಳ್ಳಿ ಕ್ಲೈಡ್. ಗಾಜಿನ ಪೆಟ್ಟಿಗೇಲಿ ಚೆನ್ನಾಗಿ ಕೂರತ್ತೆ."

ಮುಂದಿನ ಮೇಜಿನಲ್ಲಿದ್ದ ವಾಂಡರ್‌ಮೋಲನ್ ಕಡೆ ಕ್ಲೈಡ್ ನೋಡಿದ. ತಜ್ಞ ತನ್ನ ಪಾಸ್ಟಿಯಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದ. ತಮ್ಮ ಯಾರ ಕೈಗೂ ಒಗ್ಗದ ಬಿಲ್ಲಿಗಾಗಿ ವಿಧವೆಯ ಜೊತೆ ಜಗ್ಗಾಡುವುದು ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ ಕ್ಲಬ್ಬು ಅದನ್ನು ಅಲ್ಲೇ, ನಿಂತ ಕಾಲಲ್ಲೇ, "ಅರ್ವೊನ ನೆನಪಿಗಾಗಿ" ಸೈಮಿಗೆ ದಾನ ಮಾಡಿತು. ಅವಳ ವಸ್ತುವನ್ನು ಅವಳಿಗೇ ದಾನ ಮಾಡಿದ ಪುಣ್ಯವೂ ಗಂಡಸರ ಖಾತೆಗೇ ಸೇರಿತು. ಗಾಜಿನ ಪೆಟ್ಟಿಗೆಯಲ್ಲೀಗ ಕ್ಲೈಡ್ ಕೊಂಡು ತಂದ ಹೊಳೆಹೊಳೆಯುವ ಬಲಗೈ ಬಿಲ್ಲಿದೆ. ಅದನ್ನು ಅರ್ವೊ ಎಳೆದದ್ದನ್ನು ಕಂಡವರೂ ಆಗಲೇ ಇಬ್ಬರು ಹುಟ್ಟಿಕೊಂಡಿದ್ದಾರೆ.

ಅಕ್ಟೋಬರಿನಲ್ಲಿ ಬಿಲ್ಲಿನ ಬೇಟೆ ಶುರುವಾಯಿತು. ಸೇಬಿನ ಮರ ಅರ್ಧ ಒಣಗಿತ್ತು, ಉಳಿದರ್ಧ ಕಾಯಿ ಉದುರಿಸಿತ್ತು. ಎರಡು ಮುಂಜಾವು ಸೈಮಿ ಕೊರಳಿಗೆ ಶಾಲು ಸುತ್ತಿಕೊಂಡು ಸುಮ್ಮನೆ ಕೂತು ಬಂದಳು. ಮೂರನೆಯ ಮುಂಜಾವು ಸಣ್ಣ ಕೊಂಬಿನದೊಂದು ಬಂದು ಸೇಬಿಗೆ ತಲೆ ಬಗ್ಗಿಸಿತು. ಗೋಡೆಗೇರಿಸುವಂಥದ್ದಲ್ಲ, ಬೇಯಿಸಿ ತಿನ್ನುವಂಥದ್ದು. ಒಂದೇ ಬಾಣ. ಕಾಲಿಗೆ ತನ್ನ ಹೆಸರಿನ ಚೀಟಿಯನ್ನು ತಾನೇ ಕಟ್ಟಿದಳು. ಹಿಲ್ಯಾ ಬಂದು ಪಿಕಪ್ಪಿಗೆ ಎಳೆದು ಹಾಕಲು ಕೈ ಜೋಡಿಸಿದಳು.

ಇಲಾಖೆಯ ತಪಾಸಣೆ ಗೇಟಿನಲ್ಲಿ ನರೆತ ಮೀಸೆಯ ಅಧಿಕಾರಿ ಜಿಂಕೆಯ ಹಲ್ಲು ನೋಡಿ ವಯಸ್ಸು ಹೇಳಿದ. ಚೀಟಿ ನೋಡಿದ. ಸೈಮಿಯ ಬಿಳಿ ಕೂದಲು ನೋಡಿದ. ಇಂಥ ಚೀಟಿಗಳನ್ನು ಬಹಳ ಕಂಡವನಂತೆ ಕಣ್ಣು ಮಿಟುಕಿಸಿ ಕೇಳಿದ:

"ಯಜಮಾನ್ರು ಎಲ್ಲಮ್ಮಾ?"

"ಚರ್ಚಿನ ಹಿಂದೆ, ಸ್ಮಶಾನದಲ್ಲಿ," ಎಂದಳು ಸೈಮಿ. "ಹನ್ನೊಂದು ವರ್ಷ ಆಯ್ತು. ಹೋಗಿ ಕೇಳ್ಕೊಂಡು ಬರ್ಲಾ?"