ತೊಗರಿಯ ಹಿಂದೆ ಕೂತವಳು

ಪರೀಕ್ಷೆಯ ವರದಿಯ ಕೊನೆಯ ಸಾಲು 'ಈ ರಸ್ತೆಯಲ್ಲಿ ಈ ಲಾರಿ ಸುರಕ್ಷಿತ'. ಅದರ ಕೆಳಗೆ ನನ್ನ ಹೆಸರು ಅಚ್ಚಾಗಿದೆ. ಸಹಿಯ ಜಾಗ ಖಾಲಿ. ಖಾಲಿಯೇ ಇರುತ್ತದೆ.

ಚಾಲಕನಿಲ್ಲದ ಲಾರಿಯನ್ನು ಕಂಪ್ಯೂಟರಿನೊಳಗೆ ಓಡಿಸಿ ನೋಡುವುದು ನನ್ನ ಕೆಲಸ. ಸೇಡಂನಿಂದ ಸಿಮೆಂಟ್ ಹೊರುವ ರಸ್ತೆಯನ್ನು ತಿರುವು, ಗುಂಡಿ, ಎಮ್ಮೆ ಸಮೇತ ಪರದೆಯ ಮೇಲೆ ಕಟ್ಟಿದ್ದೇವೆ. ಅಲ್ಲಿ ಲಾರಿ ಎಷ್ಟು ಸಲ ಗುದ್ದಿದರೂ ಯಾರಿಗೂ ನೋವಾಗದು. ಅಲ್ಲಿ ಗುದ್ದದಿದ್ದರೆ ಮಾತ್ರ ಅದನ್ನು ನಿಜವಾದ ರಸ್ತೆಗೆ ಬಿಡಬೇಕು. ಈ ಸುಗ್ಗಿಯ ಹೊತ್ತಿಗೆ ಅದು ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿತ್ತು.

ಆಗ ಅದೇ ರಸ್ತೆಯ ಮೇಲಿನ ಗುಂಡಗುರ್ತಿಯಲ್ಲಿರುವ ಸೋದರತ್ತೆ ನೆನಪಾದಳು. ಕೊಯ್ದ ತೊಗರಿಯನ್ನು ನಮ್ಮ ಕಡೆ ಡಾಂಬರಿನ ಮೇಲೆ ಹರವುತ್ತಾರೆ, ಗಾಲಿ ತುಳಿದು ಕಾಯಿ ಒಡೆಯಲಿ ಎಂದು. ಅಂಚಿಗೆ ಶಹಾಬಾದಿ ಕಲ್ಲಿನ ತುಂಡುಗಳ ಸಾಲು. ಅತ್ತೆ ರಸ್ತೆಯ ಮೇಲೆಯೇ ತೊಗರಿ ಗುಡ್ಡೆಯ ಹಿಂದೆ, ಲಾರಿಗಳಿಗೆ ಬೆನ್ನು ಮಾಡಿ ಕೂತು ಮೊರದಲ್ಲಿ ಕೇರುತ್ತಿದ್ದಳು. ಇದು ನನ್ನ ನೆನಪು. ಕಾಲೇಜಿನ ದಿನಗಳ ಡೈರಿ ತೆಗೆದರೆ ನನ್ನದೇ ಅಕ್ಷರದಲ್ಲಿ ಬೇರೆ ಮಾತು: 'ಅತ್ತೆ ರಸ್ತೆಯ ಪಕ್ಕ ನಿಂತು ಗಾಡಿಗಳಿಗೆ ಕೈ ಮಾಡುತ್ತಿದ್ದಳು.' ನನ್ನ ನೆನಪು ಕೈ ಕೊಟ್ಟದ್ದು ಇದೇ ಮೊದಲಲ್ಲ. ಹಾಗೆಂದು ಡೈರಿಯನ್ನು ನಂಬಲೇ? ಅದನ್ನು ಬರೆದವಳೂ ನಾನೇ.

ಎರಡನ್ನೂ ಪರದೆಗೆ ಹಾಕಿದೆ. ನಿಂತವಳನ್ನು ಕಂಡು ಲಾರಿ ನಿಂತಿತು. ಕೂತವಳ ಮೇಲೆ ಹರಿದುಹೋಯಿತು, ವೇಗ ಕೂಡ ತಗ್ಗಿಸದೆ. ಅದಕ್ಕೆ ಕಲಿಸಲು ನಾವು ತೋರಿಸಿದ ವಿಡಿಯೊಗಳಲ್ಲಿ ಗಾಡಿಗಳೆಲ್ಲ ತೊಗರಿಯ ಮೇಲೆಯೇ ಹೋಗಿದ್ದವು. ತೊಗರಿ ಕಂಡರೆ ತುಳಿಯಬೇಕು ಎಂದು ನಮ್ಮ ರಸ್ತೆಯಿಂದಲೇ ಕಲಿತಿತ್ತು ಅದು.

ತಂಡದ ಮುಖ್ಯಸ್ಥರು ಇಲ್ಲೇ ವಾಡಿ ಊರಿನವರು. ನೋಡಿ ನಕ್ಕರು.

"ರೋಡಿನ ಮ್ಯಾಲ ತೊಗರಿ ಹಾಕೋದೇ ತಪ್ಪದರಿ ಮೇಡಂ. 'ಟೆಸ್ಟಿನ ವ್ಯಾಪ್ತಿಗೆ ಬರಲ್ಲ' ಅಂತ ಬರದು ಸಹಿ ಮಾಡ್ರಿ."

"ತಪ್ಪು ಮಾಡಿದ್ರ ಸಾಯಬೇಕೇನ್ರಿ ಸರ್?"

"ನಿಮ್ಮ ಅತ್ತಿ ಕುಂತಿದ್ಳೋ ನಿಂತಿದ್ಳೋ ನಿಮಗೇ ಖಾತ್ರಿ ಇಲ್ಲ. ನೆನಪಿನ ಮ್ಯಾಲ ಟೆಸ್ಟ್ ಮಾಡ್ತಾರೇನ್ರಿ ಯಾರರ?"

ಆ ಮಾತು ಚುಚ್ಚಿತು, ಅರ್ಧ ನಿಜವಾದ್ದರಿಂದ. ಭಾನುವಾರ ಗುಂಡಗುರ್ತಿಗೆ ಹೋದೆ. ಅತ್ತೆ ಮೊರ ಹಿಡಿದು ರಸ್ತೆಯಲ್ಲೇ ಇದ್ದಳು.

"ಅತ್ತಿ, ಆವಾಗ ನೀ ಇಲ್ಲಿ ಕುಂದರ್ತಿದ್ದೇನು, ನಿಂದರ್ತಿದ್ದೇನು?"

"ಸೊಂಟ ಹಿಡದಾಗ ನಿಂತೀನಿ, ಕಾಲ ಹಿಡದಾಗ ಕುಂತೀನಿ. ಇಷ್ಟು ಕೇಳಾಕ ಸೇಡಂದಿಂದ ಬಸ್ ಹತ್ತಿ ಬಂದಿಯೇನು?"

"ಲಾರಿ ಬಂದ್ರ ಏಳಲ್ಲೇನು?"

"ನಾ ಯಾಕ ಏಳಲಿ? ಹಾರ್ನ್ ಹೊಡೀತಾನ, ಬಾಜು ಹೋಗ್ತಾನ. ಭಾಳ ಸನಿ ಬಂದ್ರ ಅವನ ಮನಿತನನೇ ಎತ್ತಿ ಬೈತೀನಿ."

"ಡ್ರೈವರ್ ಇಲ್ಲದ ಲಾರಿ ಬರ್ಲಿಕತ್ತಾವ, ಅತ್ತಿ."

ಮೊರ ನಿಂತಿತು. "ಮತ್ತ ಬೈಯೋದು ಯಾರಿಗಿ?"

"ನಂಗ. ಕಾಗದದ ಮ್ಯಾಲ ನನ್ನ ಹೆಸರದ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಕೇರತೊಡಗಿದಳು. "ಬೈಯಾಕ ನಾ ಉಳೀಬೇಕಲ್ಲ, ಹುಚ್ಚಿ."

ಸೋಮವಾರ ಸಹಿ ಹಾಕದೆ, 'ಸುರಕ್ಷಿತವಲ್ಲ' ಎಂದು ಬರೆದು, ಕೂತ ಅತ್ತೆಯ ವಿಡಿಯೊ ಜೊತೆಗಿಟ್ಟು ಕಳಿಸಿದೆ. ತಿದ್ದಿ ಎಂದು ತಿರುಗಿ ಬಂತು. ತಿದ್ದದೆ ಕಳಿಸಿದೆ. ಬೇರೆಯವರಿಂದ ಸಹಿ ಹಾಕಿಸುತ್ತೇವೆ ಎನ್ನುತ್ತಿದ್ದಾರೆ. ಹಾಕಿಸಲಿ, ಆ ಬೇರೆಯವರಿಗೂ ವಿಡಿಯೊ ಕಳಿಸಿದ್ದೇನೆ. ನೋಡಲಿಲ್ಲ ಎಂದು ಅವರು ಹೇಳುವಂತಿಲ್ಲ.

ಈಗ ಮೂರನೆಯ ಪರೀಕ್ಷೆ ಕಟ್ಟುತ್ತಿದ್ದೇನೆ. ಅದರಲ್ಲಿ ಅತ್ತೆ ಕೂತೂ ಇಲ್ಲ, ನಿಂತೂ ಇಲ್ಲ; ಒಂದು ಕೈ ನೆಲಕ್ಕೂರಿ ಅರ್ಧ ಎದ್ದಿದ್ದಾಳೆ. ಹಾಗೆ ಅವಳನ್ನು ಕಂಡ ನೆನಪು ನನಗಿಲ್ಲ, ಡೈರಿಯಲ್ಲೂ ಇಲ್ಲ. ಆದರೂ ಹಾಕುತ್ತೇನೆ.