ಅಕ್ಕನ ಹೊಟ್ಟೆನೋವು

ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಇಂವನ್ನ ಧಾರವಾಡಕ್ಕ ಕಳಸ್ರಿ" ಎಂದು ಎಲ್ಲರೂ ನಗುತ್ತಿದ್ದರು. ಧಾರವಾಡದಲ್ಲಿ ಮನೋರೋಗಿಗಳ ದವಾಖಾನೆ ಇತ್ತು. ಕಲಘಟಗಿ ತಾಲೂಕಿನ ನಮ್ಮ ಊರಿನಿಂದ ಅದು ದೂರವೇನಲ್ಲ. ಬೆಳಿಗ್ಗೆ ಹೋದರೆ ಸಂಜೆಗೆ ಮನೆ ಸೇರಬಹುದು. ಆ ಚೇಷ್ಟೆ ಮಾಡಿ ನಾನೂ ಎಷ್ಟೋ ಸಲ ನಕ್ಕಿದ್ದೇನೆ, ಎಪ್ಪತ್ತರ ದಶಕದ ಆ ಒಂದು ಮಳೆಗಾಲದವರೆಗೆ.

ಅಕ್ಕನಿಗೆ ಆಗ ಹದಿನಾರು, ನನಗೆ ಹದಿನಾಲ್ಕು. ಅವಳು ಮೊದಲು ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು, ಆಮೇಲೆ ಉಣ್ಣುವುದನ್ನು. ಹಿತ್ತಲ ಬಾಗಿಲಲ್ಲಿ ಕೂತರೆ ಕೂತೇ ಇರುತ್ತಿದ್ದಳು. ಅವ್ವ ಮಠದಿಂದ ವಿಭೂತಿ ತಂದು ಹಚ್ಚಿದಳು, ತಾಯತ ಕಟ್ಟಿಸಿದಳು. ಬಾಜು ಮನೆಯ ದೊಡ್ಡವ್ವ "ಲಗ್ನಾ ಮಾಡ್ರಿ, ಎಲ್ಲಾ ಸರಿ ಹೊಕ್ಕೇತಿ" ಎಂದಳು. ಊರಿಗೆಲ್ಲ ಔಷಧ ಗೊತ್ತಿತ್ತು. ಏನಾಗಿದೆಯೆಂದು ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಪಾತ್ರೆ ತಿಕ್ಕುತ್ತಿದ್ದಾಗ ಅವಳು ತಾನಾಗಿಯೇ ನನಗೆ ಹೇಳಿದಳು.

"ನನಗ ಇರೂದ ಸಾಕಾಗೇತಿ. ದಿನಾ ಸಾಯೂದ ತಲ್ಯಾಗ ಬರ್ತೈತಿ. ನನಗ ನಂದ ಅಂಜಿಕಿ ಬರಾಕತ್ತೇತಿ. ಯಾರಿಗರ ಹೇಳ."

ನಾನು ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ. ಅಪ್ಪ ಕೆಟ್ಟವನಲ್ಲ, ಎರಡು ದಿನ ಅವನೂ ಸರಿಯಾಗಿ ಉಣ್ಣಲಿಲ್ಲ. ಆದರೆ ಮಗಳನ್ನು ಕರೆದುಕೊಂಡು ಊರ ಮುಂದೆ ಧಾರವಾಡದ ದಾರಿ ಹಿಡಿಯುವುದು ಅವನಿಂದಾಗಲಿಲ್ಲ. ಹುಬ್ಬಳ್ಳಿಯ ಒಬ್ಬ ಡಾಕ್ಟರಿಗೆ ತೋರಿಸುವುದೆಂದಾಯಿತು. ಹೆಣ್ಣುಮಕ್ಕಳ ಬೇನೆಯ ಮಾತನ್ನು ನಮ್ಮ ಮನೆಯಲ್ಲಿ ಗಂಡಸರು ಡಾಕ್ಟರ ಮುಂದೆ ಆಡುತ್ತಿರಲಿಲ್ಲ. ಅವ್ವನಿಗೆ ಡಾಕ್ಟರ ಮುಂದೆ ಬಾಯೇ ಬರುತ್ತಿರಲಿಲ್ಲ. ಹಾಗಾಗಿ ಶಾಲೆಗೆ ಹೋಗುವವಳೆಂದು ನನ್ನನ್ನು ಅಪ್ಪ, ಅಕ್ಕನ ಜೊತೆಗೆ ಹೊರಡಿಸಿದರು.

ಬಸ್ಸು ಹತ್ತುವ ಮೊದಲು ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಹೊಟ್ಟಿ ಬ್ಯಾನಿ ಅಂತ ಹೇಳ. ಮತ್ತೇನರ ಬಾಯಿ ಬಿಟ್ಟಿ ಅಂದ್ರ ನಿಮ್ಮಿಬ್ಬರನ್ನೂ ಯಾರೂ ಮಾಡ್ಕೊಳ್ಳಂಗಿಲ್ಲ."

ಡಾಕ್ಟರು ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಅಕ್ಕನ ಹೊಟ್ಟೆ ಒತ್ತಿ ನೋಡಿದರು, ಕಣ್ಣು ನೋಡಿದರು. ಅವಳು ಬಾಯಿ ಬಿಡದಿದ್ದಾಗ ನನ್ನತ್ತ ತಿರುಗಿದರು. "ನಿದ್ದಿ ಮಾಡ್ತಾಳೇನವಾ? ಮನಸಿಗೇನರ ಹಚ್ಕೊಂಡಾಳೇನು? ನಿನ್ನ ಮುಂದ ಏನರ ಅಂದಾಳೇನು?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತ ಅಪ್ಪನೂ ನನ್ನನ್ನೇ ನೋಡುತ್ತಿದ್ದ.

"ಇಲ್ರಿ. ಬರೇ ಹೊಟ್ಟಿ ಬ್ಯಾನಿರಿ" ಎಂದೆ.

ಅಪ್ಪನಿಗೆ ಹೆದರಿ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ನನಗೆ ನನ್ನ ಮದುವೆಯ ಚಿಂತೆ ಇತ್ತು. ಹದಿನಾಲ್ಕು ವರ್ಷದವಳಿಗೆ ಅಕ್ಕನ ಜೀವಕ್ಕಿಂತ ಅದು ದೊಡ್ಡದಾಗಿ ಕಂಡಿತು.

ಡಾಕ್ಟರು ಟಾನಿಕ್ ಬರೆದುಕೊಟ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆಗೇ ಮುಖ ಮಾಡಿ, "ನೀನರ ಹೇಳ್ತಿ ಅಂತ ಬಂದಿದ್ದೆ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಾನು ಕೇಳಿಸದವಳ ಹಾಗೆ ಬಾಟಲಿಯ ಮೇಲಿನ ಚೀಟಿ ಓದುತ್ತ ಕೂತೆ.

ಬಾಟಲಿ ಅರ್ಧಕ್ಕೆ ಬರುವುದರೊಳಗೆ ಅಕ್ಕ ಜೀವ ಕಳೆದುಕೊಂಡಳು. ಹೇಗೆಂದು ಬರೆಯುವುದಿಲ್ಲ. ಮಣ್ಣಿಗೆ ಬಂದವರು ಕೇಳಿದರೆ ಅಪ್ಪ "ಹೊಟ್ಟಿ ಬ್ಯಾನಿರಿ, ಹುಬ್ಬಳ್ಳಿಗೂ ತೋರಿಸಿದ್ವಿ" ಎನ್ನುತ್ತಿದ್ದ. ಯಾರೂ ನಂಬಲಿಲ್ಲ, ಎಲ್ಲರೂ ಹೌದ್ರಿ ಎಂದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅವ್ವ "ಯಾಕ ಕೆಡಸೂದು" ಎಂದು ಉಳಿದ ಟಾನಿಕ್ಕನ್ನು ನನಗೆ ಕುಡಿಸಿದಳು. ದಿನಕ್ಕೆರಡು ಚಮಚ. ಸಿಹಿಯಾಗಿತ್ತು. ಬೇಡ ಎನ್ನಲು ನನಗೆ ಬಾಯಿರಲಿಲ್ಲ.

ಮೂರು ವರ್ಷದ ಮೇಲೆ ತಿರ್ಲಾಪುರದವರು ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ನನ್ನನ್ನು ಹತ್ತಿರ ಕೂರಿಸಿಕೊಂಡು, ಅಕ್ಕ ಒಬ್ಬಳಿದ್ದಳಂತಲ್ಲ, ಆಕಿಗೇನಾಗಿತ್ತವಾ ಎಂದು ಕೇಳಿದಳು. ಅಪ್ಪ ಅಂದು ಹೊರಗೆ ಕಟ್ಟೆಯ ಮೇಲಿದ್ದ. ಈ ಸಲ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಹೊಟ್ಟಿ ಬ್ಯಾನಿರಿ" ಎಂದೆ.